ಊಟ ಜಾಸ್ತಿ, ಉಸಿರು ಕಡಿಮೆ: ಗೊಬ್ಬರ ಕಡಲಿಗಿಳಿದರೆ ಪುಟ್ಟ ಪ್ರಾಣಿಗಳಿಗೆ ಏನಾಗುತ್ತದೆ?

ಕತ್ತಲಾಗುತ್ತಿದ್ದ ಹಾಗೆ ಅಮೆರಿಕದ ಚೆಸಪೀಕ್ ಕೊಲ್ಲಿಯ ನೀರಿನೊಳಗೆ ದೊಡ್ಡ ಓಡಾಟ ಶುರುವಾಗುತ್ತದೆ. ಹಗಲೆಲ್ಲ ತಳದ ಹತ್ತಿರ ಅಡಗಿದ್ದ ಲೆಕ್ಕವಿಲ್ಲದಷ್ಟು ಪುಟ್ಟ ಪ್ರಾಣಿಗಳು ಮೇಲಕ್ಕೆ ಈಜಿ ಬರುತ್ತವೆ. ಒಂದೊಂದೂ ಸುಮಾರು ಒಂದು ಮಿಲಿಮೀಟರ್ ಉದ್ದ, ಸಾಸಿವೆ ಕಾಳಿಗಿಂತ ಚಿಕ್ಕದು. ರಾತ್ರಿ ಇಡೀ ಮೇಲಿನ ನೀರಿನಲ್ಲಿ ಪಾಚಿ ತಿನ್ನುತ್ತವೆ. ಬೆಳಕು ಹರಿಯುವ ಹೊತ್ತಿಗೆ ಮತ್ತೆ ಕೆಳಗಿಳಿಯುತ್ತವೆ. ಹಗಲು ಹೊತ್ತಿನಲ್ಲಿ ಮೇಲೆ ಉಳಿದರೆ ಮೀನಿನ ಕಣ್ಣಿಗೆ ಬೀಳುತ್ತವೆ, ಅದಕ್ಕೇ ಈ ಇಳಿದು ಹತ್ತುವ ಕೆಲಸ.

ಈ ಪ್ರಾಣಿಗಳಿಗೆ ಕೋಪೆಪಾಡ್ ಅಂತ ಹೆಸರು. ಸಿಗಡಿ, ಏಡಿಗಳ ದೂರದ ನೆಂಟರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ದೋಣಿಯ ಹುಟ್ಟಿನಂಥ ಕಾಲಿನದು ಎಂದರ್ಥ. ತಲೆಯ ಮೇಲೆ ಒಂದೇ ಕಣ್ಣು, ಎರಡು ಉದ್ದನೆಯ ಮೀಸೆ. ಹತ್ತಿರದಲ್ಲಿ ನೀರು ಸ್ವಲ್ಪ ಅಲುಗಿದರೂ ಆ ಮೀಸೆಗೆ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಎಂಥ ಜಿಗಿತ ಅಂತೀರಿ! ಸೆಕೆಂಡಿಗೆ ತನ್ನ ಉದ್ದದ ನೂರಾರು ಪಟ್ಟು ದೂರ ಸಾಗುವ ವೇಗ ಅದಕ್ಕಿದೆ. ಚೆಸಪೀಕ್‌ನಲ್ಲಿ ಬೇಸಿಗೆ ಕಾಲಕ್ಕೆ ಎಲ್ಲಕ್ಕಿಂತ ಹೆಚ್ಚು ಕಾಣುವ ಕೋಪೆಪಾಡ್ ಜಾತಿ ಅಕಾರ್ಶಿಯಾ ಟೋನ್ಸಾ. ಈ ಲೇಖನದಲ್ಲಿ ಹೆಚ್ಚಾಗಿ ಅದರ ಕತೆಯನ್ನೇ ಹೇಳುತ್ತೇನೆ.

ಅಕಾರ್ಶಿಯಾದ ಬದುಕನ್ನು ಒಂದು ಉಪ್ಪರಿಗೆ ಮನೆ ಅಂತ ಅಂದುಕೊಳ್ಳಿ. ಮೇಲೆ ಅಡುಗೆಮನೆ. ಕೆಳಗೆ ಅಡಗಿಕೊಳ್ಳುವ ಕತ್ತಲೆ ಕೋಣೆ, ಅದೇ ಬಾಣಂತಿ ಕೋಣೆ ಕೂಡ. ನಾವು ಗದ್ದೆಗೆ ಹಾಕಿದ ಗೊಬ್ಬರ, ಊರಿನ ಚರಂಡಿ ನೀರು, ಕೋಳಿ ಫಾರ್ಮಿನ ಗಲೀಜು ಕೊಲ್ಲಿಗೆ ಸೇರಿದಾಗ ಮೇಲಿನ ಅಡುಗೆಮನೆಯಲ್ಲಿ ಊಟ ರಾಶಿ ಬೀಳುತ್ತದೆ. ಅದೇ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ಗಾಳಿಯೇ ಇಲ್ಲದಂತಾಗುತ್ತದೆ. ಇವೆರಡೂ ಒಂದೇ ಕಾರಣದಿಂದ ಆಗುತ್ತವೆ. ಹೇಗೆ ಅಂತ ನೋಡೋಣ.

ಗೊಬ್ಬರದಿಂದ ಉಸಿರುಗಟ್ಟುವ ತನಕ

ಚೆಸಪೀಕ್ ಇರುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ. ಆ ದೇಶದ ಅತಿ ದೊಡ್ಡ ಅಳಿವೆ ಅದು. ಉದ್ದ ಸುಮಾರು 320 ಕಿಲೋಮೀಟರ್. ಇಷ್ಟು ಉದ್ದವಿದ್ದರೂ ಸರಾಸರಿ ಆಳ ಆರೂವರೆ ಮೀಟರ್ ಅಷ್ಟೇ, ಎರಡು ಮಹಡಿ ಮನೆಯಷ್ಟು. ನಡುವೆ ಮಾತ್ರ ಆಳವಾದ ಒಂದು ಕಾಲುವೆ ಇದೆ. ಈ ಕೊಲ್ಲಿಗೆ ನೀರು ಹರಿದು ಬರುವ ನೆಲ ಸುಮಾರು 1,66,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ಆರು ರಾಜ್ಯಗಳು, ಜೊತೆಗೆ ವಾಷಿಂಗ್ಟನ್ ನಗರ ಅದರೊಳಗೆ ಬರುತ್ತವೆ. 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ ಅಲ್ಲಿದ್ದಾರೆ. ಒಂದು ಇಡೀ ರಾಜ್ಯದಷ್ಟು ನೆಲದ ಮೇಲೆ ಬಿದ್ದ ಮಳೆ, ಆ ನೆಲವನ್ನೆಲ್ಲ ತೊಳೆದುಕೊಂಡು, ಎರಡು ಮಹಡಿ ಆಳದ ಒಂದು ತಟ್ಟೆಗೆ ಬಂದು ಬೀಳುತ್ತದೆ. ಈ ಕೊಲ್ಲಿಗೆ ಪೆಟ್ಟು ಬೇಗ ತಾಗುವುದು ಇದರಿಂದಲೇ.

ನೀರಿನ ಜೊತೆ ಬರುವ ಮುಖ್ಯ ಪೋಷಕಾಂಶಗಳು ಎರಡು, ಸಾರಜನಕ ಮತ್ತು ರಂಜಕ. ಗಿಡಕ್ಕೆ ಬೇಕಾದ್ದೂ ಇವೇ, ಪಾಚಿಗೆ ಬೇಕಾದ್ದೂ ಇವೇ. ಹಿಂದೆ ಇವು ಸುಲಭಕ್ಕೆ ಸಿಗುತ್ತಿರಲಿಲ್ಲ. ಗಾಳಿಯಲ್ಲಿ ಸಾರಜನಕ ಬೇಕಾದಷ್ಟಿದೆ, ಆದರೆ ಗಿಡಗಳು ಅದನ್ನು ನೇರವಾಗಿ ಹೀರಿಕೊಳ್ಳಲಾರವು. 1909ರಲ್ಲಿ ಫ್ರಿಟ್ಸ್ ಹಾಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತಯಾರಿಸಿ ತೋರಿಸಿದರು. 1913ರಲ್ಲಿ ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. ಯೂರಿಯಾ ಮೂಟೆ ರೈತರ ಮನೆ ಜಗಲಿಗೆ ಬಂದದ್ದು ಆ ದಾರಿಯಲ್ಲೇ. ಅದರಿಂದ ಎಷ್ಟೋ ಕೋಟಿ ಜನರ ಹೊಟ್ಟೆ ತುಂಬಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ತೊಂದರೆ ಏನೆಂದರೆ, ಹಾಕಿದ ಗೊಬ್ಬರವನ್ನೆಲ್ಲ ಬೆಳೆ ತಿನ್ನುವುದಿಲ್ಲ. ಉಳಿದದ್ದು ಮಳೆನೀರಿನ ಜೊತೆ ಹೊರಡುತ್ತದೆ. ಹಳ್ಳ, ಹೊಳೆ, ನದಿ, ಕೊನೆಗೆ ಕಡಲು. ಚೆಸಪೀಕ್‌ಗೆ ಬರುವ ಸಿಹಿನೀರಿನಲ್ಲಿ ಅರ್ಧದಷ್ಟನ್ನು ಸಸ್ಕ್ವೆಹಾನಾ ಎಂಬ ಒಂದೇ ನದಿ ತರುತ್ತದೆ. ಪೆನ್ಸಿಲ್ವೇನಿಯಾದ ಹೊಲಗಳು ಆ ನದಿಯ ದಡದಲ್ಲಿವೆ. ಇನ್ನೊಂದು ಕಡೆ ಡೆಲ್ಮಾರ್ವಾ ಎಂಬ ಪರ್ಯಾಯ ದ್ವೀಪ, ಅಲ್ಲಿ ಕೋಳಿ ಸಾಕಣೆಯೇ ದೊಡ್ಡ ಕಸುಬು.

ಚಳಿಗಾಲ ಮುಗಿದು ಹಿಮ ಕರಗುತ್ತದೆ, ಮಳೆ ಬೀಳುತ್ತದೆ, ನದಿ ತುಂಬಿ ಬರುತ್ತದೆ. ಗೊಬ್ಬರದ ನೀರು ಸಿಕ್ಕಿದ ಪಾಚಿ ಒಮ್ಮೆಲೇ ಬೆಳೆಯುತ್ತದೆ. ಮಳೆಗಾಲದ ನಂತರ ಊರಿನ ಕೆರೆ ಹಸಿರು ಬಣ್ಣಕ್ಕೆ ತಿರುಗುವುದನ್ನು ನೋಡಿದ್ದೀರಿ ಅಲ್ವಾ? ಹಾಗೇ. ಇಷ್ಟು ಪಾಚಿಯನ್ನು ತಿಂದು ಮುಗಿಸಲು ಯಾರಿಂದಲೂ ಆಗುವುದಿಲ್ಲ. ಉಳಿದದ್ದು ಸತ್ತು ತಳಕ್ಕೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತವೆ. ಕೊಳೆಸುವ ಕೆಲಸಕ್ಕೆ ಅವಕ್ಕೆ ಆಮ್ಲಜನಕ ಬೇಕು. ತಳದ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅವು ಖರ್ಚು ಮಾಡುತ್ತಾ ಹೋಗುತ್ತವೆ.

ಮೇಲಿನಿಂದ ಹೊಸ ಆಮ್ಲಜನಕ ಬರಬಾರದೇ ಅಂತ ಕೇಳಬಹುದು. ಬರುವುದಿಲ್ಲ. ನದಿಯ ಸಿಹಿನೀರು ಹಗುರ, ಕಡಲ ಉಪ್ಪುನೀರು ಭಾರ. ಸಾರಿನ ಮೇಲೆ ಎಣ್ಣೆ ನಿಂತ ಹಾಗೆ ಸಿಹಿನೀರು ಮೇಲೆ ನಿಲ್ಲುತ್ತದೆ. ಬೇಸಿಗೆಯ ಬಿಸಿಲಿಗೆ ಮೇಲಿನ ನೀರು ಕಾದು ಇನ್ನೂ ಹಗುರಾಗುತ್ತದೆ. ನಡುವೆ ಒಂದು ಮುಚ್ಚಳ ಹಾಕಿದಂತಾಗುತ್ತದೆ. ಗಾಳಿಯಿಂದ ಮೇಲಿನ ನೀರಿಗೆ ಸೇರಿದ ಆಮ್ಲಜನಕ ಈ ಮುಚ್ಚಳ ದಾಟಿ ಕೆಳಗೆ ಹೋಗುವುದು ತುಂಬಾ ಕಷ್ಟ. ಕೆಳಗೆ ಖರ್ಚು ಜಾಸ್ತಿ, ಜಮೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ಕೊಲ್ಲಿಯ ನಡುವಿನ ಆಳದ ಕಾಲುವೆಯಲ್ಲಿ ಆಮ್ಲಜನಕ ಸೊನ್ನೆಯ ಹತ್ತಿರಕ್ಕೆ ಬರುತ್ತದೆ.

ಅಂಕಿಯಲ್ಲಿ ಹೇಳುವುದಾದರೆ, ಬೆಚ್ಚಗಿನ ಕಡಲನೀರಿನಲ್ಲಿ ಒಂದು ಲೀಟರಿಗೆ ಆರೇಳು ಮಿಲಿಗ್ರಾಂ ಆಮ್ಲಜನಕ ಇರಬೇಕು. ಅದು 2 ಮಿಲಿಗ್ರಾಂಗಿಂತ ಕೆಳಗಿಳಿದರೆ ವಿಜ್ಞಾನಿಗಳು ಅದನ್ನು ಆಮ್ಲಜನಕದ ಕೊರತೆ ಅನ್ನುತ್ತಾರೆ. ಪತ್ರಿಕೆಗಳು ‘ಸತ್ತ ವಲಯ’ ಅನ್ನುತ್ತವೆ. ಚೆಸಪೀಕ್‌ನಲ್ಲಿ ಇಂಥ ನೀರು 1930ರ ದಶಕದಲ್ಲೇ ಕಂಡಿತ್ತು, 1938ರಲ್ಲಿ ಅದರ ವರದಿಯೂ ಬಂದಿತ್ತು. ಆಮೇಲಿನ ದಶಕಗಳಲ್ಲಿ ಅದು ಹರಡುತ್ತಾ ಹೋಯಿತು. ಜಗತ್ತಿನಲ್ಲಿ ಇಂಥ ಜಾಗಗಳು ಎಷ್ಟಿವೆ ಅಂತ 2008ರಲ್ಲಿ ರಾಬರ್ಟ್ ಡಿಯಾಜ್ ಮತ್ತು ರುಟ್ಗರ್ ರೋಸೆನ್‌ಬರ್ಗ್ ಪಟ್ಟಿ ಮಾಡಿದಾಗ ನಾನೂರಕ್ಕೂ ಹೆಚ್ಚು ಸಿಕ್ಕವು.

ಸತ್ತ ವಲಯ ಎಂದ ಕೂಡಲೇ ದಡಕ್ಕೆ ಬಿದ್ದ ಮೀನುಗಳ ಫೋಟೋ ನೆನಪಾಗುತ್ತದೆ. ಮೀನು ಸತ್ತರೆ ಸುದ್ದಿಯಾಗುತ್ತದೆ. ಒಂದು ಮಿಲಿಮೀಟರ್ ಪ್ರಾಣಿ ಸತ್ತರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಮೀನಿಗೆ ಏನಾಗುತ್ತದೆ ಎನ್ನುವುದರ ಅರ್ಧ ಭಾಗ ಈ ಪುಟ್ಟ ಪ್ರಾಣಿಯ ಕತೆಯಲ್ಲೇ ಇದೆ. ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು ಅನ್ನಿಸುತ್ತದೆ.

ಕೆಳಗಿನ ಕೋಣೆ ಇಲ್ಲದ ಮನೆ

ಬೇಸಿಗೆಯ ಒಂದು ಬೆಳಗ್ಗೆ. ರಾತ್ರಿ ಊಟ ಮುಗಿಸಿದ ಅಕಾರ್ಶಿಯಾ ಎಂದಿನಂತೆ ಕೆಳಗಿಳಿಯಲು ಹೊರಡುತ್ತದೆ. ಮುಚ್ಚಳದ ಪದರದ ಹತ್ತಿರ ಬಂದಾಗ ನೀರಿನಲ್ಲಿ ಉಸಿರು ಸಾಲದೆ ಹೋಗುತ್ತದೆ. ಕೋಪೆಪಾಡಿಗೆ ಮೀನಿನ ಹಾಗೆ ಕಿವಿರು ಇಲ್ಲ. ಮೈಯ ಮೇಲ್ಮೈಯಿಂದಲೇ ಆಮ್ಲಜನಕ ಒಳಗೆ ಹೋಗಬೇಕು. ಸುತ್ತಲಿನ ನೀರಿನಲ್ಲಿ ಇಲ್ಲದಿದ್ದರೆ ಒಳಗೂ ಇಲ್ಲ. ಬಿಸಿಲುಗಾಲದಲ್ಲಿ ಇನ್ನೊಂದು ಪೇಚು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಪ್ರಾಣಿಯ ಮೈಗೆ ಮಾತ್ರ ಇನ್ನೂ ಹೆಚ್ಚು ಬೇಕಾಗುತ್ತದೆ.

ವಿಜ್ಞಾನಿ ಮೈಕಲ್ ರೋಮನ್ ಮತ್ತು ಸಂಗಡಿಗರು ಚೆಸಪೀಕ್‌ನಲ್ಲಿ ಇದನ್ನು ಅಳೆದು ನೋಡಿ 1993ರಲ್ಲಿ ಪ್ರಕಟಿಸಿದರು. ಆಳಕ್ಕೆ ತಕ್ಕಂತೆ ಬೇರೆ ಬೇರೆ ಪದರದ ನೀರು ತೆಗೆದು, ಯಾವ ಪದರದಲ್ಲಿ ಎಷ್ಟು ಕೋಪೆಪಾಡ್ ಇದೆ ಅಂತ ಎಣಿಸಿದರು. ಆಮ್ಲಜನಕ ಒಂದು ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದ ತಳದ ನೀರಿನಲ್ಲಿ ಕೋಪೆಪಾಡ್‌ಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಬೇಸಿಗೆಯಲ್ಲಿ ಅವು ಮುಚ್ಚಳದ ಪದರದ ಸುತ್ತ ಒತ್ತೊತ್ತಾಗಿ ನಿಂತಿದ್ದವು. ಗಾಳಿ ಬೀಸಿ ಕೊಲ್ಲಿಯ ನೀರು ಕಲಸಿ, ಆಮ್ಲಜನಕ ತಳಕ್ಕೆ ತಲುಪಿದಾಗ ಮತ್ತೆ ತಳದಲ್ಲೂ ಕಾಣಿಸಿಕೊಂಡವು. ಅಂದರೆ ಅವು ತಳವನ್ನು ಬೇಡ ಅಂತ ಬಿಟ್ಟು ಬಂದಿರಲಿಲ್ಲ, ಅಲ್ಲಿಗೆ ಹೋಗಲು ಆಗುತ್ತಿರಲಿಲ್ಲ ಅಷ್ಟೇ.

ಹಗಲೂ ಮೇಲೇ ಉಳಿಯಬೇಕಾದ ಅಕಾರ್ಶಿಯಾ ಬೆಳಕಿನಲ್ಲಿ ಸಿಕ್ಕಿಬೀಳುತ್ತದೆ. ಮೀನುಗಳೂ ಕೆಳಗಿನ ಕೆಟ್ಟ ನೀರಿನಿಂದ ತಪ್ಪಿಸಿಕೊಂಡು ಅದೇ ಮೇಲಿನ ಪದರಕ್ಕೆ ಬಂದಿರುತ್ತವೆ. ಚೆಸಪೀಕ್‌ನಲ್ಲಿ ಬೇ ಆಂಚೊವಿ ಎಂಬ ಚಿಕ್ಕ ಮೀನು ತುಂಬಾ ಇದೆ, ನಮ್ಮ ಕರಾವಳಿಯ ಕೊಲ್ಲತರು ಮೀನಿನ ಬಳಗದ್ದು. ಅದರ ಮುಖ್ಯ ಊಟ ಕೋಪೆಪಾಡ್. ತಿನ್ನುವವರೂ ತಿನ್ನಿಸಿಕೊಳ್ಳುವವರೂ ಒಂದೇ ಇಕ್ಕಟ್ಟು ಕೋಣೆಯಲ್ಲಿ ನಿಂತ ಹಾಗಾಯಿತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಕೊರತೆ ತೀರಾ ಕೆಟ್ಟದಾಗಿಲ್ಲದಿದ್ದಾಗ, ಅಂದರೆ ಮೀನಿಗೆ ಸಾಲದಷ್ಟು ಆದರೆ ಕೋಪೆಪಾಡಿಗೆ ಹೇಗೋ ಸಾಕಾಗುವಷ್ಟು ಆಮ್ಲಜನಕ ಇದ್ದಾಗ, ಆ ಪದರವೇ ಅದಕ್ಕೆ ಅಡಗುತಾಣ ಆಗುವುದೂ ಉಂಟು. ಮೀನು ಅಲ್ಲಿಗೆ ಬರುವುದಿಲ್ಲ, ಇದು ಹೇಗೋ ಉಸಿರು ಹಿಡಿದುಕೊಂಡು ಕೂರುತ್ತದೆ. ಆದರೆ ಅದಕ್ಕೂ ಬೆಲೆ ಕಟ್ಟಬೇಕು. ಉಸಿರು ಸಾಲದ ನೀರಿನಲ್ಲಿ ಅದು ಕಡಿಮೆ ತಿನ್ನುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಕಡಿಮೆ ಮೊಟ್ಟೆ ಇಡುತ್ತದೆ. ಕೆಲವೇ ವಾರ ಬದುಕುವ ಪ್ರಾಣಿಗೆ ನಾಲ್ಕು ದಿನ ತಡವಾದರೂ ಅದು ದೊಡ್ಡ ನಷ್ಟ.

ಮೊಟ್ಟೆಗಳ ಮೇಲಿನ ಪೆಟ್ಟು

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಮೊಟ್ಟೆಗಳ ವಿಷಯ. ದೊಡ್ಡ ಕೋಪೆಪಾಡ್ ಈಜಬಲ್ಲದು. ಕೆಟ್ಟ ನೀರು ಸಿಕ್ಕಿದರೆ ವಾಪಸ್ ಬರಬಲ್ಲದು. ಮೊಟ್ಟೆ ಏನು ಮಾಡೀತು?

ಕೋಪೆಪಾಡ್‌ಗಳಲ್ಲಿ ಎರಡು ತರಹ. ಕೆಲವು ಜಾತಿಯ ತಾಯಿ ಮೊಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡು, ಮರಿಯಾಗುವ ತನಕ ಜೊತೆಯಲ್ಲೇ ಹೊತ್ತು ತಿರುಗುತ್ತದೆ. ಚೆಸಪೀಕ್‌ನ ಯೂರಿಟೆಮೊರಾ ಎಂಬ ಜಾತಿ ಹಾಗೆ. ಅಕಾರ್ಶಿಯಾ ಹಾಗಲ್ಲ. ಅದು ಮೊಟ್ಟೆಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟುಬಿಡುತ್ತದೆ. ಊಟ ಚೆನ್ನಾಗಿದ್ದರೆ ದಿನಕ್ಕೆ ಹತ್ತಾರು. ಒಂದೊಂದು ಮೊಟ್ಟೆಯೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು, ನೀರಿಗಿಂತ ಭಾರ. ಹಾಗಾಗಿ ಮೆಲ್ಲನೆ ಮುಳುಗುತ್ತದೆ. ಬೇಸಿಗೆಯ ಬೆಚ್ಚನೆ ನೀರಿನಲ್ಲಿ ಅದು ಒಡೆದು ಮರಿಯಾಗಲು ಸುಮಾರು ಒಂದು ದಿನ ಬೇಕು. ಆ ಒಂದು ದಿನದಲ್ಲಿ ಅದು ಹತ್ತಿಪ್ಪತ್ತು ಮೀಟರ್ ಇಳಿದುಬಿಡಬಹುದು. ಎಂದರೆ ಮುಚ್ಚಳ ದಾಟಿ, ಉಸಿರಿಲ್ಲದ ನೀರಿಗೆ ನೇರವಾಗಿ.

ಆಮ್ಲಜನಕ ಇರುವ ತಳ ಆಗಿದ್ದರೆ ಇದರಿಂದ ತೊಂದರೆ ಏನೂ ಇರಲಿಲ್ಲ. ಮರಿ ಅಲ್ಲೇ ಹುಟ್ಟಿ ಮೇಲಕ್ಕೆ ಈಜಿ ಬರುತ್ತಿತ್ತು. ಸಾವಿರಾರು ವರ್ಷಗಳಿಂದ ಹಾಗೇ ನಡೆದಿದೆ. ಈಗ ಬೇಸಿಗೆಯಲ್ಲಿ ಆ ತಳದ ನೀರಿಗೆ ಬಿದ್ದ ಮೊಟ್ಟೆಗಳು ಒಡೆಯುವುದಿಲ್ಲ. ರೋಮನ್ ಅವರ ತಂಡ ಪ್ರಯೋಗಾಲಯದಲ್ಲೂ ಇದನ್ನು ನೋಡಿತು. ಆಮ್ಲಜನಕ ಇಳಿದಾಗ ಮೊಟ್ಟೆ ಒಡೆಯುವ ಪ್ರಮಾಣ ಇಳಿಯಿತು, ದೊಡ್ಡವುಗಳ ಸಾವು ಹೆಚ್ಚಿತು. ಮೇಲೆ ಪಾಚಿ ಸಮೃದ್ಧವಾಗಿದೆ, ತಾಯಿ ಚೆನ್ನಾಗಿ ತಿಂದಿದೆ, ಮೊಟ್ಟೆ ಬೇಕಾದಷ್ಟು ಇಟ್ಟಿದೆ. ಅಷ್ಟೂ ಮೊಟ್ಟೆ ಕೆಳಗಿನ ಕೋಣೆಗೆ ಬಿದ್ದು ಸುಮ್ಮನಾಗುತ್ತವೆ. ಮೇಲಿನಿಂದ ಬಲೆ ಹಾಕಿ ನೋಡಿದವರಿಗೆ ತಾಯಂದಿರು ಚೆನ್ನಾಗಿಯೇ ಕಾಣುತ್ತವೆ. ನಷ್ಟ ಕಾಣುವುದು ಮುಂದಿನ ಪೀಳಿಗೆಯಲ್ಲಿ.

ಹೀಗಾಗಿ ಕೊಲ್ಲಿಯಲ್ಲಿ ಪಾಚಿ ಹೆಚ್ಚಿದರೂ ಅದನ್ನು ತಿನ್ನುವ ಪ್ರಾಣಿ ಹೆಚ್ಚಬೇಕೆಂದಿಲ್ಲ. ಡೇವಿಡ್ ಕಿಮೆಲ್ ಮತ್ತು ಸಂಗಡಿಗರು 1960ರ ದಶಕದಿಂದ 2000ದ ಆರಂಭದವರೆಗಿನ ಎಣಿಕೆಗಳನ್ನು ಒಟ್ಟಿಗಿಟ್ಟು ನೋಡಿದರು. ಕೊಲ್ಲಿಯ ನಡುಭಾಗದಲ್ಲಿ ಅಕಾರ್ಶಿಯಾ ಕಡಿಮೆಯಾಗುತ್ತಾ ಬಂದಿತ್ತು. ಇದು ಪೋಷಕಾಂಶ ಮಾಲಿನ್ಯದ ಪರೋಕ್ಷ ಪರಿಣಾಮ ಇರಬಹುದು ಅಂತ 2012ರಲ್ಲಿ ಎಚ್ಚರಿಕೆಯಿಂದ ಬರೆದರು. ನೀರು ಬಿಸಿಯಾಗುತ್ತಿರುವುದು, ಕೋಪೆಪಾಡ್ ತಿನ್ನುವ ಅಂಬಲಿಮೀನುಗಳು (ಜೆಲ್ಲಿಫಿಶ್), ಎಲ್ಲವೂ ಕಲಸಿಹೋಗಿರುವ ಲೆಕ್ಕ ಅದು. ಆ ಎಚ್ಚರಿಕೆ ನನಗೆ ಸರಿ ಅನ್ನಿಸುತ್ತದೆ. ಪ್ರಯೋಗಾಲಯದ ಬೀಕರಿನಲ್ಲಿ ಕಾರಣ ಒಂದೇ ಇರುತ್ತದೆ, ಕೊಲ್ಲಿಯಲ್ಲಿ ಹತ್ತು ಇರುತ್ತವೆ.

ಊಟದ ರುಚಿಯೂ ಬದಲಾಗುತ್ತದೆ

ಗೊಬ್ಬರ ಹೆಚ್ಚಾದರೆ ಪಾಚಿಯ ರಾಶಿ ಹೆಚ್ಚುತ್ತದೆ, ಜೊತೆಗೆ ಜಾತಿಯೂ ಬದಲಾಗಬಹುದು. ಕೋಪೆಪಾಡಿಗೆ ಡಯಾಟಮ್ ಎಂಬ ಪಾಚಿ ಸಾಮಾನ್ಯವಾಗಿ ಒಳ್ಳೆಯ ಊಟ. ಡಯಾಟಮ್‌ಗೆ ಗಾಜಿನಂಥ ಒಂದು ಚಿಪ್ಪಿದೆ. ಚಿಪ್ಪು ಕಟ್ಟಲು ಅದಕ್ಕೆ ಸಿಲಿಕಾ ಬೇಕು. ಸಿಲಿಕಾ ಬರುವುದು ಕಲ್ಲು, ಮಣ್ಣು ನಿಧಾನವಾಗಿ ಕರಗುವುದರಿಂದ. ಯೂರಿಯಾ ಮೂಟೆಯಲ್ಲಿ ಸಿಲಿಕಾ ಇಲ್ಲ, ಚರಂಡಿ ನೀರಿನಲ್ಲೂ ಹೆಚ್ಚಿಲ್ಲ. ಸಾರಜನಕ, ರಂಜಕ ಎರಡು ಮೂರು ಪಟ್ಟು ಹೆಚ್ಚಿ ಸಿಲಿಕಾ ಇದ್ದಷ್ಟೇ ಇದ್ದರೆ, ಡಯಾಟಮ್ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಮಿಕ್ಕ ಗೊಬ್ಬರವನ್ನು ಸಿಲಿಕಾ ಬೇಡದ ಬೇರೆ ಪಾಚಿಗಳು ಬಳಸಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಕೋಪೆಪಾಡಿನ ಬಾಯಿಗೆ ತೀರಾ ಚಿಕ್ಕವು. ಕೆಲವು ವಿಷದವು. ಕೆಲವಕ್ಕೆ ಮೊಟ್ಟೆ ಬೆಳೆಯಲು ಬೇಕಾದ ಕೊಬ್ಬಿನಂಶವೇ ಕಡಿಮೆ.

1934ರಲ್ಲಿ ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿ ನೀರಿನಲ್ಲಿ ತೇಲಿ ಬದುಕುವ ಪುಟ್ಟ ಜೀವಿಗಳಾದ ಕಡಲಿನ ಪ್ಲಾಂಕ್ಟನ್‌ನಲ್ಲಿ ಇಂಗಾಲ, ಸಾರಜನಕ, ರಂಜಕ ಒಂದು ನಿರ್ದಿಷ್ಟ ಪ್ರಮಾಣದಲ್ಲಿರುತ್ತವೆ ಎಂಬುದನ್ನು ಗುರುತಿಸಿದರು. ಈಗ ಆ ಪ್ರಮಾಣವನ್ನು 106:16:1 ಅಂತ ಬರೆಯುತ್ತಾರೆ. ಅಡುಗೆಯ ಅಳತೆ ಇದ್ದ ಹಾಗೆ. ಪಾಚಿ ಈ ಅಳತೆಯನ್ನು ಅಷ್ಟಿಷ್ಟು ಮೀರಿ ಬದುಕಬಲ್ಲದು. ಪ್ರಾಣಿಗೆ ಆ ಸಡಿಲ ಕಡಿಮೆ, ತನ್ನ ಮೈಯ ಅಳತೆಯನ್ನು ಅದು ಕಾಪಾಡಿಕೊಳ್ಳಲೇಬೇಕು. ಅಳತೆ ತಪ್ಪಿದ ಪಾಚಿ ತಿಂದರೆ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ.

ಅಂಬಲಿಮೀನಿಗೆ ಸಿಕ್ಕ ಅವಕಾಶ

ಈ ಬದಲಾವಣೆಯಿಂದ ಲಾಭ ಆಗುವವರೂ ಇದ್ದಾರೆ. ಅಂಬಲಿಮೀನು ಮತ್ತು ಅದರಂತೆ ಕಾಣುವ ಬಾಚಣಿಗೆ ಅಂಬಲಿಗಳಿಗೆ ಆಮ್ಲಜನಕ ಕಡಿಮೆ ಇದ್ದರೂ ನಡೆಯುತ್ತದೆ. ಮೀನು ಓಡಿಹೋಗುವ ನೀರಿನಲ್ಲೂ ಅವು ಆರಾಮವಾಗಿ ತೇಲುತ್ತವೆ. ಬೇಟೆಗೆ ಕಣ್ಣು ಬೇಡ, ಹಗಲು ರಾತ್ರಿ ಬೇಧ ಇಲ್ಲ. ಮುಚ್ಚಳದ ಪದರದಲ್ಲಿ ಒತ್ತಾಗಿ ನಿಂತ ಕೋಪೆಪಾಡ್ ಅವಕ್ಕೆ ಬಡಿಸಿಟ್ಟ ಎಲೆಯಿದ್ದ ಹಾಗೆ.

ಇದು ಒಂದು ಇಡೀ ಕಡಲನ್ನು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಕಪ್ಪು ಸಮುದ್ರ ಸಾಕ್ಷಿ. 1960ರ ದಶಕದ ನಂತರ ಡ್ಯಾನ್ಯೂಬ್ ನದಿ ಹತ್ತಾರು ದೇಶಗಳ ಗೊಬ್ಬರ ಮತ್ತು ಚರಂಡಿಯನ್ನು ಅದರ ವಾಯವ್ಯ ಭಾಗಕ್ಕೆ ತಂದು ಸುರಿಯಿತು. 1970ರ ದಶಕದಲ್ಲಿ ಅಲ್ಲಿ ಬೇಸಿಗೆಯ ಉಸಿರುಗಟ್ಟುವ ನೀರು ಕಾಣಿಸಿಕೊಂಡಿತು. ಕೆಳಗೆ ನೂರಾರು ಕಿಲೋಮೀಟರ್ ಹರಡಿದ್ದ ಕೆಂಪು ಪಾಚಿಯ ಹುಲ್ಲುಗಾವಲು ಬೆಳಕಿಲ್ಲದೆ ಕುಗ್ಗಿಹೋಯಿತು. ನಾಕ್ಟಿಲೂಕಾ ಎಂಬ ಏಕಕೋಶ ಜೀವಿ ಎಲ್ಲೆಡೆ ತುಂಬಿಕೊಂಡಿತು. ಆ ನಾಕ್ಟಿಲೂಕಾ ಕೋಪೆಪಾಡಿನ ಮೊಟ್ಟೆಗಳನ್ನೂ ತಿನ್ನುತ್ತದೆ!

ಹೀಗೆ ಬಸವಳಿದಿದ್ದ ಕಡಲಿಗೆ 1980ರ ದಶಕದ ಆರಂಭದಲ್ಲಿ ಹೊಸದೊಂದು ಪ್ರಾಣಿ ಬಂತು. ಹಡಗುಗಳು ಸಮತೋಲನಕ್ಕಾಗಿ ತುಂಬಿಕೊಳ್ಳುವ ನೀರಿನಲ್ಲಿ ಅಟ್ಲಾಂಟಿಕ್ ದಾಟಿ ಬಂದ ಅದರ ಹೆಸರು ನೆಮಿಯೋಪ್ಸಿಸ್, ಒಂದು ಬಾಚಣಿಗೆ ಅಂಬಲಿ. ಅದರ ತವರು ಅಮೆರಿಕದ ಕರಾವಳಿ, ಚೆಸಪೀಕ್‌ನಲ್ಲೂ ಅದು ಇದೆ. ಅಲ್ಲಿ ಅದನ್ನು ತಿನ್ನುವವರಿದ್ದಾರೆ. ಕಪ್ಪು ಸಮುದ್ರದಲ್ಲಿ ಯಾರೂ ಇರಲಿಲ್ಲ. 1989ರ ಹೊತ್ತಿಗೆ ಅದು ವಿಪರೀತ ಹೆಚ್ಚಿತು. ಕೋಪೆಪಾಡ್‌ಗಳು ಕುಸಿದವು. ಒಯ್ತೋನಾ ನಾನಾ ಎಂಬ ಒಂದು ಪುಟ್ಟ ಜಾತಿ ಆ ಕಡಲಿನಿಂದಲೇ ಕಾಣೆಯಾಯಿತು. ಅದೇ ಊಟವನ್ನು ನಂಬಿದ್ದ ಆಂಚೊವಿ ಮೀನುಗಾರಿಕೆಯೂ ನೆಲಕಚ್ಚಿತು. ಅತಿಯಾಗಿ ಮೀನು ಹಿಡಿದದ್ದೂ ಅದಕ್ಕೆ ಕಾರಣ, ಪೂರ್ತಿ ತಪ್ಪನ್ನು ಅಂಬಲಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆಮೇಲೆ ಸೋವಿಯತ್ ಒಕ್ಕೂಟ ಬಿತ್ತು. ಹೊಲಗಳಿಗೆ ಗೊಬ್ಬರ ಕೊಳ್ಳಲು ದುಡ್ಡಿಲ್ಲದಂತಾಯಿತು. ನದಿಯಲ್ಲಿ ಬರುವ ಗೊಬ್ಬರ ಕಡಿಮೆಯಾಯಿತು. 1997ರಲ್ಲಿ ನೆಮಿಯೋಪ್ಸಿಸ್ ಅನ್ನೇ ತಿನ್ನುವ ಬೆರೋಯಿ ಎಂಬ ಇನ್ನೊಂದು ಬಾಚಣಿಗೆ ಅಂಬಲಿ ತಾನಾಗಿ ಬಂದು ಸೇರಿತು. ಕಡಲು ಸ್ವಲ್ಪ ಚೇತರಿಸಿಕೊಂಡಿತು, ಕೋಪೆಪಾಡ್‌ಗಳೂ ಚೇತರಿಸಿಕೊಂಡವು. ಯಾರೂ ಯೋಜನೆ ಮಾಡದೆ, ಜನರ ಕಷ್ಟದ ನಡುವೆ ನಡೆದುಹೋದ ಪ್ರಯೋಗ ಅದು. ಆದರೆ ಗೊಬ್ಬರ ಕಡಿಮೆಯಾದರೆ ಕಡಲು ಉತ್ತರ ಕೊಡುತ್ತದೆ ಎನ್ನುವುದು ಅದರಿಂದ ಗೊತ್ತಾಯಿತು.

ಕೆಸರಿನಲ್ಲಿರುವವರು

ತಳದ ಕೆಸರಿನೊಳಗೆ ಇನ್ನೊಂದು ಲೋಕ ಇದೆ. ಹುಳುಗಳು, ಚಿಕ್ಕ ಮರುವಾಯಿಗಳು, ಮರಳಿನ ಕಣಗಳ ಸಂದಿಯಲ್ಲಿ ಬದುಕುವ ಕಣ್ಣಿಗೆ ಕಾಣದ ಪ್ರಾಣಿಗಳು. ಇವರಿಗೆ ಮೇಲೆ ಓಡಿಹೋಗುವ ದಾರಿಯೂ ಇಲ್ಲ. ಆಮ್ಲಜನಕ ಇಳಿಯುತ್ತಾ ಹೋದಂತೆ ಮೊದಲು ಆಳದಲ್ಲಿ ಬಿಲ ತೋಡುವ ದೊಡ್ಡ ಹುಳುಗಳು ಹೋಗುತ್ತವೆ. ಅವು ಬಿಲ ತೋಡುವಾಗ ಕೆಸರಿಗೆ ಗಾಳಿಯಾಡುತ್ತಿತ್ತು, ಎರೆಹುಳು ಹೊಲಕ್ಕೆ ಮಾಡುವ ಕೆಲಸವನ್ನು ಅವು ಕೊಲ್ಲಿಗೆ ಮಾಡುತ್ತಿದ್ದವು. ಅವು ಹೋದ ಮೇಲೆ ಕೆಸರು ಇನ್ನೂ ಕೆಡುತ್ತದೆ. ಕೊನೆಗೆ ಬೇಗ ಹುಟ್ಟಿ ಬೇಗ ಸಾಯುವ ಕೆಲವೇ ಜಾತಿಯ ಚಿಕ್ಕ ಹುಳುಗಳು ಉಳಿಯುತ್ತವೆ.

ಕಣ್ಣಿಗೆ ಕಾಣದವುಗಳಲ್ಲಿ ದುಂಡುಹುಳುಗಳು ಗಟ್ಟಿ. ಕೆಸರಲ್ಲೇ ವಾಸಿಸುವ ಕೋಪೆಪಾಡ್‌ಗಳು ಬಹಳ ಸೂಕ್ಷ್ಮ. ಒಂದು ಹಿಡಿ ಕೆಸರಿನಲ್ಲಿ ಒಂದು ಕೋಪೆಪಾಡಿಗೆ ಎಷ್ಟು ದುಂಡುಹುಳು ಇವೆ ಅಂತ ಎಣಿಸಿ ಕೆಸರಿನ ಆರೋಗ್ಯ ಹೇಳಬಹುದು ಎಂಬ ಉಪಾಯವನ್ನು 1981ರಲ್ಲಿ ಇಬ್ಬರು ವಿಜ್ಞಾನಿಗಳು ಮುಂದಿಟ್ಟರು. ಆ ಅಳತೆ ಎಲ್ಲ ಕಡೆಗೂ ಹೊಂದುವುದಿಲ್ಲ ಅಂತ ಆಮೇಲೆ ವಾದಗಳು ನಡೆದವು. ಆದರೂ ಯೋಚನೆ ಚೆನ್ನಾಗಿದೆ. ಕೆಸರಿನ ಕತೆಯನ್ನು ಕೆಸರಿನಲ್ಲಿರುವವರನ್ನೇ ಕೇಳುವುದು.

ನಮ್ಮ ಕಡಲು

ಕರ್ನಾಟಕದ ಕರಾವಳಿಗೆ ಇದನ್ನು ಹಾಗೇ ಎತ್ತಿ ಅಂಟಿಸಲು ಆಗದು. ಇಲ್ಲಿ ಉಸಿರು ಕಡಿಮೆ ಇರುವ ನೀರು ಸಹಜವಾಗಿಯೇ ಬರುತ್ತದೆ. ಅರಬ್ಬಿ ಸಮುದ್ರದ ಆಳದಲ್ಲಿ ಆಮ್ಲಜನಕ ಮೊದಲಿಂದಲೂ ಕಡಿಮೆ. ಮಳೆಗಾಲದಲ್ಲಿ ಆ ನೀರು ಪಶ್ಚಿಮ ಕರಾವಳಿಯ ಕಡೆಗೆ ಮೇಲೆದ್ದು ಬರುತ್ತದೆ. ತನ್ನ ಜೊತೆ ಪೋಷಕಾಂಶಗಳನ್ನೂ ತರುತ್ತದೆ. ಮೇಲೆ ಘಟ್ಟದಿಂದಿಳಿದ ಮಳೆನೀರಿನ ಹಗುರ ಪದರ ಮುಚ್ಚಳವಾಗಿ ಕೂರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕರಾವಳಿಯ ಹತ್ತಿರದ ತಳದಲ್ಲಿ ಉಸಿರು ತೀರಾ ಕಡಿಮೆಯಾಗುತ್ತದೆ. ಈ ಪೋಷಕಾಂಶಗಳೇ ನಮ್ಮ ಬಂಗುಡೆ, ಬೂತಾಯಿಗಳಿಗೆ ಊಟ ಕೊಡುವುದು ಕೂಡ. ಬಂಗುಡೆಯ ಹೊಟ್ಟೆಯಲ್ಲಿ ಕೋಪೆಪಾಡ್ ಧಾರಾಳವಾಗಿ ಸಿಗುತ್ತದೆ.

ಗೋವಾದ ದೋನಾಪಾವ್ಲದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇದೆ, 1966ರಲ್ಲಿ ಶುರುವಾದದ್ದು. ಅಲ್ಲಿನ ಎಸ್.ಡಬ್ಲ್ಯೂ.ಎ. ನಖ್ವಿ ಮತ್ತು ಸಂಗಡಿಗರು 1999ರ ಮಳೆಗಾಲದ ಕೊನೆಯಲ್ಲಿ ಪಶ್ಚಿಮ ಕರಾವಳಿಯ ತಳದ ನೀರಿನಲ್ಲಿ ಆಮ್ಲಜನಕ ಪೂರ್ತಿ ಮುಗಿದು, ಕೊಳೆತ ಮೊಟ್ಟೆ ವಾಸನೆಯ ಗಂಧಕದ ಅನಿಲ ಇರುವುದನ್ನು ಕಂಡರು. ಸಹಜ ಕೊರತೆಯ ಮೇಲೆ ನೆಲದಿಂದ ಬರುವ ಗೊಬ್ಬರವೂ ಸೇರಿ ಅದು ಹೆಚ್ಚಾಗಿರಬಹುದು ಎಂಬ ಆತಂಕವನ್ನು 2000ದಲ್ಲಿ ಪ್ರಕಟಿಸಿದರು. ಯಾವುದರ ಪಾಲು ಎಷ್ಟು ಎಂಬ ಚರ್ಚೆ ಅಷ್ಟು ಸುಲಭದ್ದಲ್ಲ. ನನಗೆ ಮುಖ್ಯ ಅನ್ನಿಸುವುದು ಇಷ್ಟು: ಮೊದಲೇ ಉಸಿರು ಬಿಗಿಹಿಡಿದು ಬದುಕುವ ಕಡಲಿಗೆ ಹೊರೆ ಹೆಚ್ಚಿಸಲು ಅವಕಾಶ ಬಹಳ ಕಡಿಮೆ ಇದೆ. ನೇತ್ರಾವತಿ, ಶರಾವತಿ, ಕಾಳಿ ಹೋಗಿ ಸೇರುವುದು ಇದೇ ಕಡಲನ್ನು.

2020ರ ನವೆಂಬರ್‌ನಲ್ಲಿ ನಮ್ಮ ಕರಾವಳಿಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದದ್ದು ಹಲವರಿಗೆ ನೆನಪಿರಬಹುದು. ಜನ ಸಾಲುಗಟ್ಟಿ ನೋಡಲು ಹೋದರು. ಆ ಬೆಳಕು ನಾಕ್ಟಿಲೂಕಾದ್ದು. ಕಪ್ಪು ಸಮುದ್ರದಲ್ಲಿ ಕೋಪೆಪಾಡಿನ ಮೊಟ್ಟೆ ತಿಂದ ಅದೇ ಜೀವಿ. ಹೊಳೆದ ಮಾತ್ರಕ್ಕೆ ಕಡಲು ಕೆಟ್ಟಿದೆ ಅಂತ ಅರ್ಥವಲ್ಲ, ನಾಕ್ಟಿಲೂಕಾ ಹಿಂದಿನಿಂದಲೂ ಇದೆ. ಆದರೆ ಉತ್ತರ ಅರಬ್ಬಿ ಸಮುದ್ರದಲ್ಲಿ ಚಳಿಗಾಲದಲ್ಲಿ ಡಯಾಟಮ್‌ಗಳಿದ್ದ ಜಾಗವನ್ನು ಹಸಿರು ನಾಕ್ಟಿಲೂಕಾ ಆಕ್ರಮಿಸಿದೆ, ಉಸಿರು ಕಡಿಮೆ ಇರುವ ನೀರು ಅದಕ್ಕೆ ಅನುಕೂಲ ಮಾಡಿಕೊಟ್ಟಿದೆ ಎಂದು ಹೆಲ್ಗಾ ಗೋಮ್ಸ್, ಜೋಕಿಂ ಗೋಯೆಸ್ ಮತ್ತು ಸಂಗಡಿಗರು 2014ರಲ್ಲಿ ಬರೆದರು. ದೊಡ್ಡ ನಾಕ್ಟಿಲೂಕಾವನ್ನು ಕೋಪೆಪಾಡ್ ತಿನ್ನಲಾರದು. ಅಂಬಲಿಯಂಥ ಪ್ರಾಣಿಗಳು ತಿನ್ನುತ್ತವೆ.

ಫ್ಲಶ್ ತೆರಿಗೆ ಮತ್ತು ಎಣಿಕೆ

ಚೆಸಪೀಕ್‌ನಲ್ಲಿ ಜನ ಕೈಕಟ್ಟಿ ಕೂತಿಲ್ಲ. 1983ರಲ್ಲಿ ರಾಜ್ಯಗಳು ಕೂತು ಮೊದಲ ಒಪ್ಪಂದ ಮಾಡಿಕೊಂಡವು. 1985ರಲ್ಲಿ ಮೇರಿಲ್ಯಾಂಡ್ ರಂಜಕ ಇರುವ ಬಟ್ಟೆ ಪುಡಿಗೆ ನಿಷೇಧ ಹಾಕಿತು. 2004ರಲ್ಲಿ ಅದೇ ರಾಜ್ಯ ಪ್ರತಿ ಮನೆಯಿಂದ ತಿಂಗಳಿಗೆ ಎರಡೂವರೆ ಡಾಲರ್ ಸಂಗ್ರಹಿಸಿ, ಚರಂಡಿ ನೀರಿನ ಘಟಕಗಳನ್ನು ಸುಧಾರಿಸಲು ಹೊರಟಿತು. ಜನ ಅದನ್ನು ‘ಫ್ಲಶ್ ತೆರಿಗೆ’ ಅಂದರು. ಆ ಘಟಕಗಳಲ್ಲಿ ಬ್ಯಾಕ್ಟೀರಿಯಾಗಳನ್ನೇ ಬಳಸಿ, ನೀರಿನಲ್ಲಿ ಕರಗಿದ ಸಾರಜನಕವನ್ನು ಮತ್ತೆ ಗಾಳಿಯ ಸಾರಜನಕವಾಗಿ ಮಾಡಿ ಬಿಡುತ್ತಾರೆ. ಹಾಬರ್ ಮಾಡಿದ್ದರ ತದ್ವಿರುದ್ಧ ಕೆಲಸ. 2010ರಲ್ಲಿ ಕೊಲ್ಲಿಗೆ ವರ್ಷಕ್ಕೆ ಇಷ್ಟೇ ಸಾರಜನಕ, ಇಷ್ಟೇ ರಂಜಕ ಬರಬಹುದು ಎಂಬ ಮಿತಿಯನ್ನು ಕೇಂದ್ರ ಸರ್ಕಾರವೇ ಹಾಕಿತು. ಗುರಿ ಪೂರ್ತಿ ತಲುಪಿಲ್ಲ. ಆದರೆ ಬರುವ ಸಾರಜನಕ ಇಳಿದಿದೆ, ತಳದ ಹುಲ್ಲು ಹಲವು ಕಡೆ ಮರಳಿ ಬೆಳೆದಿದೆ, ಬೇಸಿಗೆಯ ಕೊನೆಯ ತಿಂಗಳುಗಳಲ್ಲಿ ಉಸಿರು ಸ್ವಲ್ಪ ಸುಧಾರಿಸಿದೆ. ಚರಂಡಿ ನೀರಿನ ಕೆಲಸ ಬೇಗ ಆಯಿತು, ಹೊಲದ ಕೆಲಸ ನಿಧಾನ. ಪೈಪಿಗೆ ಒಂದು ಬಾಯಿ ಇರುತ್ತದೆ, ಹೊಲಕ್ಕೆ ಸಾವಿರ.

ನನಗೆ ಬೇಸರ ತರಿಸುವ ಸಂಗತಿ ಇನ್ನೊಂದು. 1980ರ ದಶಕದ ಮಧ್ಯದಿಂದ ಚೆಸಪೀಕ್‌ನಲ್ಲಿ ಈ ಪುಟ್ಟ ಪ್ರಾಣಿಗಳನ್ನು ವರ್ಷವರ್ಷವೂ ಎಣಿಸುವ ದೊಡ್ಡ ಕಾರ್ಯಕ್ರಮ ಇತ್ತು. 2002ರಲ್ಲಿ ಅದನ್ನು ನಿಲ್ಲಿಸಿದರು. ಆಮ್ಲಜನಕ ಅಳೆಯುವುದು, ಪಾಚಿ ಅಳೆಯುವುದು ನಡೆದೇ ಇದೆ. ಪಾಚಿಗೂ ಮೀನಿಗೂ ನಡುವೆ ನಿಂತ ಪ್ರಾಣಿಯ ದೀರ್ಘಕಾಲದ ಲೆಕ್ಕ ಮಾತ್ರ ಅಲ್ಲಿಗೆ ತುಂಡಾಯಿತು. ಕೊಲ್ಲಿ ಸುಧಾರಿಸುತ್ತಿರುವ ಈ ವರ್ಷಗಳಲ್ಲೇ ಆ ಲೆಕ್ಕ ಬೇಕಾಗಿತ್ತು.

ಕೆಸರಿನಲ್ಲಿ ಮಾತ್ರ ಒಂದು ಬಗೆಯ ದಾಖಲೆ ಉಳಿದಿದೆ. ಆಮ್ಲಜನಕ ಇಲ್ಲದ ತಳಕ್ಕೆ ಬಿದ್ದ ಮೊಟ್ಟೆಗಳೆಲ್ಲ ಸಾಯುವುದಿಲ್ಲ. ಕೆಲವು ಬೆಳವಣಿಗೆ ನಿಲ್ಲಿಸಿ ಹಾಗೇ ಬಿದ್ದಿರುತ್ತವೆ. ಬೇರೆ ಕಡೆಯ ಕರಾವಳಿಗಳಲ್ಲಿ ದಶಕಗಳ ಹಿಂದಿನ ಕೆಸರಿನ ಪದರದಿಂದ ತೆಗೆದ ಕೋಪೆಪಾಡ್ ಮೊಟ್ಟೆಗಳನ್ನು ಗಾಳಿಯಾಡುವ ನೀರಿಗೆ ಹಾಕಿದಾಗ ಮರಿಗಳು ಹೊರಬಂದಿವೆ. ಚೆಸಪೀಕ್‌ನಲ್ಲಿ ಸೆಪ್ಟೆಂಬರ್ ಕಳೆದು ತಂಪು ಗಾಳಿ ಬೀಸತೊಡಗಿದಾಗ ಮೇಲಿನ ನೀರು ತಣಿದು ಭಾರವಾಗುತ್ತದೆ. ಮುಚ್ಚಳ ಒಡೆಯುತ್ತದೆ. ಆಮ್ಲಜನಕ ಮತ್ತೆ ತಳ ಮುಟ್ಟುತ್ತದೆ. ಆಗ ಅಕಾರ್ಶಿಯಾ ರಾತ್ರಿ ಮೇಲೇರಿ, ಬೆಳಗ್ಗೆ ಕೆಳಗಿನ ತನಕ ಇಳಿಯುತ್ತದೆ.